ಲೋಥಾರನ ಮೂರು ಸೈಲೆನ್ಸರುಗಳು

ಲೋಥಾರ್ ಬ್ರುಗ್ಗರ್ ಕೆಟ್ಟವನಲ್ಲ ಎಂದು ನಮ್ಮ ಕಣಿವೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ಈ ಮಹಾರಾಯ ಅದಕ್ಕೂ ಆಸ್ಪದ ಕೊಡುವುದಿಲ್ಲ.

ಮೂವತ್ತೆರಡು ವರ್ಷದಿಂದ ಅವನದು ಪುರಸಭೆಯಲ್ಲಿ ನೀರಿನ ಮೀಟರ್ ಓದುವ ಕೆಲಸ. ಶ್ವಾರ್ಟ್ಸ್‌ವಾಲ್ಡ್ ಕಾಡಿನ ಈ ಮೂಲೆಯಲ್ಲಿ ಅವನು ಇಳಿಯದ ನೆಲಮಾಳಿಗೆ ಇಲ್ಲ. ಟಾರ್ಚು ಹಿಡಿದು ಇಳಿಯುತ್ತಾನೆ, ಅಂಕಿ ಬರೆದುಕೊಳ್ಳುತ್ತಾನೆ, ಇನ್ನೊಮ್ಮೆ ನೋಡುತ್ತಾನೆ, ಕನ್ನಡಕ ಒರೆಸಿ ಮೂರನೆಯ ಸಲವೂ ನೋಡುತ್ತಾನೆ. ಮೇಲೆ ಬರುವಷ್ಟರಲ್ಲಿ ಮನೆಯವರು ಕೊಟ್ಟ ಕಾಫಿ ಆರಿರುತ್ತದೆ. ಈ ಬುದ್ಧಿ ನೆಲಮಾಳಿಗೆಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ.

ಆದರೆ ಅವನ ಹತ್ತಿರ ಒಂದು ಬೈಕಿದೆ. ಸಾವಿರದ ಇನ್ನೂರು ಸಿಸಿ, ಹೋರಿಯಂಥ ಗಾಡಿ. ಅದರ ಜೊತೆ ಬಂದ ಸೈಲೆನ್ಸರ್ ಅವನಿಗೆ ಹಿಡಿಸಲಿಲ್ಲ. ಶೀತವಾದವನು ಮೂಗು ಮುಚ್ಚಿಕೊಂಡು ಮಾತಾಡಿದ ಹಾಗಿದೆಯಂತೆ. ಸರಿ, ಹೊರಗಿನಿಂದ ಸ್ಟೀಲಿನದೊಂದು ತಂದ. ಆಮೇಲೆ ಟೈಟಾನಿಯಮ್ಮಿನದು. ಆಮೇಲೆ ಕಾರ್ಬನ್ನಿನದು. ಮೂರರಲ್ಲಿ ಯಾವುದು ಮೇಲು ಎಂದು ಹನ್ನೊಂದು ವರ್ಷ ತಲೆ ಕೆರೆದುಕೊಂಡ. ಅಷ್ಟರಲ್ಲಿ ಅವನ ಹೆಂಡತಿ ಗುಡ್ರುನ್ ಎರಡೂ ಮೊಣಕಾಲಿನ ಚಿಪ್ಪು ಬದಲಾಯಿಸಿಕೊಂಡು ಮತ್ತೆ ನಡೆಯಲು ಕಲಿತಳು.

ಘಾಟಿಯ ತುದಿಯ ಹೋಟೆಲು ನನ್ನದು. ವಾರದ ದಿನಗಳಲ್ಲಿ ಮರ ಕಡಿಯುವವರು ಇಬ್ಬರು, ಅಂಚೆಯವನೊಬ್ಬ ಬಂದರೆ ಹೆಚ್ಚು. ನನ್ನನ್ನು ಸಾಕುವುದು ಭಾನುವಾರ, ಭಾನುವಾರವನ್ನು ತುಂಬಿಸುವವರು ಬೈಕಿನವರು. ಲೋಥಾರನೂ ತಪ್ಪದೆ ಬರುತ್ತಿದ್ದ. ಬಂದವನು ಊಟಕ್ಕೆ ಕೂರುತ್ತಿರಲಿಲ್ಲ, ಅಡುಗೆಮನೆಯ ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿ ಗುರುಗುಟ್ಟಿಸುತ್ತಿದ್ದ.

"ರೋಸಿ, ಕಣ್ಮುಚ್ಕೊಂಡು ಕೇಳು. ಇದು ಟೈಟಾನಿಯಂ. ಹೋದ ವಾರದ್ದು ಸ್ಟೀಲು. ಏನನ್ಸುತ್ತೆ?"

"ತಲೆ ನೋಯುತ್ತೆ ಅನ್ಸುತ್ತೆ."

"ಹಂಗಲ್ವೇ, ಆ ಕೆಳಗಿನ ದನಿ ಕೇಳು. ಇದರದ್ದು ಸ್ವಲ್ಪ ದುಂಡಗಿಲ್ವಾ?"

"ದುಂಡಗೂ ಇದೆ, ಚೌಕಾಗೂ ಇದೆ. ಸೂಪ್ ಉಕ್ತಾ ಇದೆ, ಬಿಡಪ್ಪಾ ನನ್ನ!"

ಇವನೊಬ್ಬನನ್ನೇ ಯಾಕೆ ಅನ್ನಲಿ, ಕಣಿವೆಯ ಗಂಡಸರೆಲ್ಲ ಇದೇ ಜಾತಿ. ಒಬ್ಬೊಬ್ಬರ ನೆಲಮಾಳಿಗೆಯಲ್ಲೂ ಗಾಡಿಯ ಮೂಲ ಸೈಲೆನ್ಸರ್ ಹಳೆಯ ಹಾಸಿಗೆ ಹೊದಿಕೆಯಲ್ಲಿ ಸುತ್ತಿಕೊಂಡು ಮಲಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಸರ್ಕಾರಿ ತಪಾಸಣೆ ಬಂದಾಗ ಅದನ್ನು ಎಬ್ಬಿಸಿ ಗಾಡಿಗೆ ತೊಡಿಸುತ್ತಾರೆ. ಬೈಕು ಬೆಕ್ಕಿನ ಮರಿಯಂತೆ ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತದೆ. ಮಾರನೆಯ ದಿನ ಮೂಲದ್ದು ಮತ್ತೆ ಹೊದಿಕೆಯೊಳಗೆ. ತಪಾಸಣೆ ಮಾಡುವವನಿಗೆ ಇದು ಗೊತ್ತು, ಏಕೆಂದರೆ ಅವನದೂ ನೆಲಮಾಳಿಗೆಯಲ್ಲಿದೆ. ಐವತ್ತು ದಾಟಿದ ಗಂಡಸರ ಈ ಕಳ್ಳಾಟಕ್ಕೆ ನಾನು ನಗುತ್ತಿದ್ದೆ.

ಹೋದ ವಸಂತದಲ್ಲಿ ಕೆಳಗಿನ ಊರು ಹಿಂಟರ್‌ಮೂಸಿನವರು ದೂರು ಕೊಟ್ಟರು. ಕೊಡದೆ ಏನು ಮಾಡುತ್ತಾರೆ, ಅವರ ಮಕ್ಕಳೂ ನಿದ್ದೆ ಮಾಡಬೇಕಲ್ಲ. ಜಿಲ್ಲಾ ಕಚೇರಿಯವರು ಬಂದು ನನ್ನ ಹೋಟೆಲಿನ ಕೆಳಗಿನ ತಿರುವಿನಲ್ಲಿ, ಕಂಬಕ್ಕೆ ಒಂದು ಬೂದುಬಣ್ಣದ ಪೆಟ್ಟಿಗೆ ಕಟ್ಟಿದರು. ಮೇ ತಿಂಗಳ ನಾಲ್ಕು ಭಾನುವಾರ ಅದು ಸದ್ದು ಅಳೆಯುತ್ತದೆ. ಒಟ್ಟು ಹತ್ತಕ್ಕಿಂತ ಹೆಚ್ಚು ಸಲ ಸದ್ದು ಗಡಿ ದಾಟಿದರೆ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಭಾನುವಾರ ಈ ಘಾಟಿಗೆ ಬೈಕು ಹತ್ತುವಂತಿಲ್ಲ. ಅಂದರೆ ನನ್ನ ಹೋಟೆಲಿಗೆ ಬೀಗ.

ಕಣಿವೆಯ ಬೈಕಿನವರನ್ನೆಲ್ಲ ಕರೆದು ಕೂರಿಸಿದೆ. "ನಾಲ್ಕೇ ನಾಲ್ಕು ಭಾನುವಾರ. ತಪಾಸಣೆಗೆ ಹಾಕೋದನ್ನೇ ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ನಾನು ಬೀದಿಗೆ ಬೀಳ್ತೀನಿ," ಎಂದೆ. ಒಪ್ಪಿದರು. ಒಪ್ಪಿಗೆಯ ಕಾಗದಕ್ಕೆ ಮೊದಲು ಸಹಿ ಮಾಡಿದವನು ಲೋಥಾರ್. ತಾರೀಕಿನ ಜೊತೆ ಗಂಟೆ, ನಿಮಿಷವನ್ನೂ ಬರೆದ.

ಮೂರು ಭಾನುವಾರ ಬಂಗಾರದಂತೆ ಕಳೆದವು. ಗಡಿ ದಾಟಿದ್ದು ಎರಡೇ ಸಲ ಎಂದು ಕಚೇರಿಯ ಗುಮಾಸ್ತೆ ಫೋನಿನಲ್ಲಿ ಹೇಳಿದಳು, ಅದೂ ಯಾರೋ ಹೊರಗಿನವರು.

ನಾಲ್ಕನೆಯ ಭಾನುವಾರ ಮಧ್ಯಾಹ್ನ, ಹೋಟೆಲು ತುಂಬಿತ್ತು. ಈರುಳ್ಳಿ ಕೇಕಿನ ತಟ್ಟೆ ಹಿಡಿದು ಹೊರಟಿದ್ದೆ, ಕೆಳಗಿನಿಂದ ಆರ್ಭಟ ಕೇಳಿಸಿತು. ಯಾರೋ ಹೊರಗಿನವನು ಎಂದುಕೊಂಡೆ. ಮತ್ತೆ ಬಂತು. ಮೂರನೆಯ ಸಲ ಬಂದಾಗ ಎಲ್ಲರೂ ಚಮಚ ಕೆಳಗಿಟ್ಟರು. "ಇದು ನಮ್ ಲೋಥಾರಂದಲ್ವಾ?" ಎಂದನೊಬ್ಬ. "ಹೌದು, ಸ್ಟೀಲು," ಎಂದ ಇನ್ನೊಬ್ಬ. ಇವರ ಕಿವಿಗೆ ಬೆಂಕಿ ಹಾಕ!

ಸ್ವಲ್ಪ ಹೊತ್ತು ಸದ್ದಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಅಷ್ಟರಲ್ಲಿ ಮತ್ತೆ ಶುರು, ಈ ಸಲ ಬೇರೆ ದನಿ. ಏಪ್ರನ್ ಬಿಚ್ಚಿ ಎಸೆದು ಇಳಿಜಾರಿನಲ್ಲಿ ಓಡಿದೆ. ಅರ್ಧ ದಾರಿಯಲ್ಲಿ ಕಾಲು ಉಳುಕಿತು. ಕುಂಟಿಕೊಂಡು ತಲುಪುವಷ್ಟರಲ್ಲಿ ಅವನು ಮೂರನೆಯದನ್ನೂ ಹಾಕಿ ಓಡಿಸಿ ಆಗಿತ್ತು. ರಸ್ತೆಯ ಪಕ್ಕ ಗುಡ್ರುನಳ ಪುಟ್ಟ ಕಾರು ನಿಂತಿತ್ತು. ಹೊದಿಕೆ ಸುತ್ತಿದ ಸೈಲೆನ್ಸರನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ನೆಲ ನೋಡುತ್ತಿದ್ದಳು. ಲೋಥಾರ್ ಪುಸ್ತಕದಲ್ಲಿ ಬರೆಯುತ್ತಿದ್ದ.

"ಏನೋ ಮಾಡ್ತಿದೀಯ, ಹಾಳಾದೋನೇ!"

"ಬಂದ್ಯಾ ರೋಸಿ? ಇಂಥಾ ಮೀಟ್ರು ನನ್ ಜನ್ಮದಲ್ಲೇ ಸಿಗಲ್ಲ ಕಣೇ. ಸರ್ಕಾರದ ಮುದ್ರೆ ಇರೋದು. ಗಾಳಿ ಇಲ್ಲ, ರಸ್ತೇಲಿ ಬೇರೆ ಸದ್ದಿಲ್ಲ. ಎಲ್ರೂ ಮೂಲದ್ದು ಹಾಕ್ಕೊಂಡಿದಾರಲ್ಲ, ಎಂಥಾ ನಿಶ್ಶಬ್ದ!"

"ನೀನೂ ಮಾತು ಕೊಟ್ಟಿದ್ದೆ."

"ಮನೆಯಿಂದ ಮೂಲದ್ದೇ ಹಾಕ್ಕೊಂಡು ಬಂದೆ. ಹೋಗೋವಾಗ್ಲೂ ಅದೇ."

"ಎಷ್ಟು ಸಲ ಹೋದೆ?"

"ಎಂಟು. ಸ್ಟೀಲು ಮೂರು, ಟೈಟಾನಿಯಂ ಮೂರು, ಕಾರ್ಬನ್ ಎರಡು. ಇನ್ನೊಂದು ಬಾಕಿ."

ಹೊರಗಿನವರ ಎರಡನ್ನೂ ಬೆರಳಲ್ಲಿ ಕೂಡಿಸಿದೆ. "ಹತ್ತಾಯ್ತು ಕಣೋ! ಇನ್ನೊಂದಾದ್ರೆ ನನ್ ಹೋಟ್ಲು ಮುಚ್ತು. ನಿನ್ನ ದಮ್ಮಯ್ಯ ಅಂತೀನಿ, ಗಾಡಿ ಆರಿಸು."

ಅವನು ನಕ್ಕ. ಅದು ಎಂಥ ಪ್ರೀತಿಯ ನಗು! "ಹೆದರ್ಕೋಬೇಡ್ವೇ. ಒಂದೇ ದಿನ ಒಂದೇ ಮನೆ ಮೀಟ್ರು ಎಷ್ಟು ಸಲ ಓದಿದ್ರೂ ಪುಸ್ತಕದಲ್ಲಿ ಒಂದೇ ಸಾಲು. ಗಾಡಿ ಒಂದೇ ತಾನೇ? ಮೂವತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ನಂಗೊತ್ತಿಲ್ವಾ?"

"ಅದು ನೀರಿನ ಮೀಟ್ರು, ಪೆದ್ದೇ!"

"ಮೀಟ್ರು ಮೀಟ್ರೇ. ಎರಡು ಸಲ ನೋಡಿದ್ದು ಅಳತೆ ಅಲ್ಲ ರೋಸಿ."

ಹ್ಯಾಂಡಲ್ ಹಿಡಿದುಕೊಂಡೆ. ಅವನು ನನ್ನ ಬೆರಳುಗಳನ್ನು ಒಂದೊಂದಾಗಿ, ನೋವಾಗದಂತೆ ಬಿಡಿಸಿದ. ಕೆಳಗಿಳಿದು, ತಿರುಗಿಸಿಕೊಂಡು, ಪೆಟ್ಟಿಗೆಯ ಮುಂದೆ ಹಾದುಹೋದ. ಕಾರ್ಬನ್, ಮೂರನೆಯ ಸಲ.

ಜೂನಿನಲ್ಲಿ ಕಚೇರಿಯ ಪತ್ರ ಬಂತು. ಗಡಿ ದಾಟಿದ್ದು ಹನ್ನೊಂದು ಸಲ ಎಂದಿತ್ತು. ಬೈಕು ನಿಷೇಧದ ಫಲಕ ನೆಡಲು ಇಬ್ಬರು ಬಂದು ನನ್ನಲ್ಲೇ ಕಾಫಿ ಕುಡಿದು ಹೋದರು. ನಾಲ್ಕು ಭಾನುವಾರ ಖಾಲಿ ಮೇಜುಗಳನ್ನು ಒರೆಸಿದೆ. ಐದನೆಯದಕ್ಕೆ ಬಂದದ್ದು ಒಂದೇ ಕಾರು, ಗುಡ್ರುನಳದು. ಪಕ್ಕದಲ್ಲಿ ಲೋಥಾರ್.

ಚೀಸ್ ಕೇಕ್ ಹೇಳಿ, ಕಾಗದವೊಂದನ್ನು ಮೇಜಿನ ಮೇಲೆ ಹರಡಿದ. ಅರ್ಜಿ ಹಾಕಿ ಕಚೇರಿಯಿಂದ ತನ್ನ ಅಂಕಿಗಳನ್ನು ತರಿಸಿಕೊಂಡಿದ್ದ.

"ನೋಡಿಲ್ಲಿ. ಮೂರಕ್ಕೂ ಇರೋ ವ್ಯತ್ಯಾಸ ಅರ್ಧ ಡೆಸಿಬೆಲ್. ಆ ಪೆಟ್ಟಿಗೇನೇ ಒಂದು ಡೆಸಿಬೆಲ್ ಆಚೀಚೆ ಆಗುತ್ತಂತೆ. ಅಂದ್ರೆ ಮೂರೂ ಒಂದೇ ರೋಸಿ! ಮೂರನ್ನೂ ಸುತ್ತಿ ನೆಲಮಾಳಿಗೇಲಿ ಇಟ್ಟೆ. ಮೂಲದ್ದೇ ಸಾಕು, ಅದೂ ಏನು ಕಮ್ಮಿ ಇಲ್ಲ."

ನಾನು ಕುರ್ಚಿಗಳನ್ನು ಎತ್ತಿ ಮೇಜುಗಳ ಮೇಲೆ ಬೋರಲು ಹಾಕತೊಡಗಿದೆ.

"ಆ ಕಚೇರಿಯೋರಿಗೆ ಓದೋಕೇ ಬರಲ್ಲ," ಎಂದು ಅವನು ಬಾಯಿತುಂಬ ಕೇಕು ಇಟ್ಟುಕೊಂಡೇ ಹೇಳಿದ. "ಒಂದೇ ಗಾಡೀನ ಒಂಬತ್ತು ಅಂತ ಬರ್ಕೊಂಡಿದಾರೆ. ಪತ್ರ ಹಾಕಿದೀನಿ. ಯಾಕೆ ರೋಸಿ, ಎರಡು ಗಂಟೆಗೇ ಮುಚ್ತಿದೀಯ?"

"ಇದೇ ಕೊನೇ ಭಾನುವಾರ. ಹೋಟ್ಲು ಮಾರ್ತಿದೀನಿ."

"ಅಯ್ಯೋ! ಮತ್ತೆ ಮುಂದಿನ ವಾರ ಕೇಕು?"

ಗುಡ್ರುನ್ ಅವನ ಕೈಯಿಂದ ಫೋರ್ಕು ಕಿತ್ತುಕೊಂಡಳು. ಅವಳ ಮುಖ ಕೆಂಪಾಗಿತ್ತು. "ಏಳು ಲೋಥಾರ್. ಹೋಗೋಣ," ಎಂದು ತಾನೂ ಏಳಲು ಹೋದಳು.

"ನೀನು ಕೂತ್ಕೋ ಗುಡ್ರುನ್," ಎಂದೆ. "ಇವನು ಹೋಗ್ಲಿ."

ಅವನು ಕಾಗದ ಮಡಚಿಕೊಂಡು ಹೊರಗೆ ಹೋಗಿ, ಕಾರಿಗೆ ಒರಗಿ ನಿಂತ. ಉಳಿದ ಕೇಕನ್ನು ನಾನೂ ಗುಡ್ರುನಳೂ ನಿಧಾನವಾಗಿ ತಿಂದು ಮುಗಿಸಿದೆವು. ಅಷ್ಟು ಹೊತ್ತೂ ರಸ್ತೆಯಲ್ಲಿ ಒಂದೇ ಒಂದು ಬೈಕು ಹೋಗಲಿಲ್ಲ.