ಅಗುಳಿಗೆ ಬರುತ್ತಿದ್ದ ಮೀನು

ನಮ್ಮ ಹಿತ್ತಿಲ ಬಾಗಿಲು ತೆರೆದರೆ ಕುಮಾರಧಾರೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಮೆಟ್ಟಿಲು ನಮ್ಮದಲ್ಲ, ಊರಿನದ್ದು. ಪಕ್ಕದ ಕಟ್ಟೆಯಲ್ಲಿರುವ ದೈವದ್ದು ಎಂದರೂ ಸರಿ. ಮೆಟ್ಟಿಲ ಬುಡದಲ್ಲಿ ಹೊಳೆ ಸದ್ದಿಲ್ಲದೆ ಆಳವಾಗುತ್ತದೆ. ಆ ಗುಂಡಿಯಲ್ಲಿರುವುದು ದೈವದ ಮೀನು. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ, ಬಲೆ ಬೀಸುವುದಿಲ್ಲ. ಮದುವೆಯಾಗಿ ಪುತ್ತೂರು ಪೇಟೆಯಿಂದ ಕಡಬದ ಈ ಬದಿಗೆ ಬಂದ ಹೊಸತರಲ್ಲಿ ಅತ್ತೆ ನನಗೆ ಅಡುಗೆಮನೆ ತೋರಿಸುವ ಮೊದಲೇ ಹೇಳಿದ್ದು, ಚಪ್ಪಲಿ ಮೇಲೆಯೇ ಬಿಡಬೇಕು, ಸೋಪು ಕೆಳಗೆ ಒಯ್ಯಬಾರದು ಎಂದು.

ಅತ್ತೆ ಈಗಿಲ್ಲ. ಇವರಿಗೆ ಪುತ್ತೂರಿನ ದರ್ಬೆಯಲ್ಲಿ ಬೀಗ, ಚಿಲಕ, ಮೊಳೆ ಮಾರುವ ಅಂಗಡಿ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಇಡೀ ದಿನ ಗಿರಾಕಿಗಳ ಹತ್ತಿರ ಮಾತಾಡಿ ಬಂದವರಿಗೆ ಮನೆಗೆಂದು ಮಾತು ಉಳಿದಿರುವುದಿಲ್ಲ. ಮಕ್ಕಳಾಗಲಿಲ್ಲ. ಮೊದಲು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ.

ಮಧ್ಯಾಹ್ನ ಒಬ್ಬಳೇ ಉಂಡು, ಅನ್ನದ ಪಾತ್ರೆ ಹಿಡಿದುಕೊಂಡು ಹೊಳೆಗೆ ಇಳಿಯುತ್ತಿದ್ದೆ. ಅಂಗಳದಲ್ಲಿ ನಳ್ಳಿ ಇದೆ, ಅಲ್ಲಿಯೇ ತೊಳೆಯಬಹುದಿತ್ತು. ಆದರೆ ಪಾತ್ರೆಯ ತಳದಲ್ಲಿ ಒಂದು ಹಿಡಿ ಅನ್ನ ಬೇಕೆಂದೇ ಉಳಿಸಿರುತ್ತಿದ್ದೆ. ಸೌಟು ಪಾತ್ರೆಗೆ ತಾಗಿದ ಸದ್ದಿಗೆ ಗುಂಡಿಯ ಕಪ್ಪು ನೀರು ಅಲುಗಾಡುತ್ತಿತ್ತು. ಮೊದಲು ಬೆನ್ನುಗಳು, ಆಮೇಲೆ ಕೆಂಪು ಬಣ್ಣದ ರೆಕ್ಕೆ, ಕೊನೆಗೆ ನನ್ನ ಕಾಲಿನ ಹತ್ತಿರ ದಪ್ಪ ತುಟಿಯ ಬಾಯಿಗಳು. ಊರಿನವರು ಪೆರುವೋಳು ಎನ್ನುವ ಮೀನು ಇವು. ಕೆಲವು ನನ್ನ ಬೆರಳ ತುದಿಯಿಂದ ಮೊಣಕೈಯವರೆಗಿನಷ್ಟು ಉದ್ದ. ಕುಚ್ಚಲಕ್ಕಿಯ ದಪ್ಪ ಅಗುಳು ನೀರಿಗೆ ಬಿದ್ದರೆ ಅದು ತಳ ಮುಟ್ಟಿದ್ದನ್ನು ನಾನು ನೋಡಿದ್ದೇ ಇಲ್ಲ.

ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿಗೆ ನಮ್ಮ ಮನೆಯಲ್ಲಿ ಕೆಲಸವಿಲ್ಲ. ಮೀನುಗಳ ಹತ್ತಿರ ಮಾತ್ರ ಅದನ್ನು ಬಳಸುತ್ತಿದ್ದೆ. ‘ಗುಡ್ ಆಫ್ಟರ್‌ನೂನ್, ಚಿಲ್ಡ್ರನ್’ ಎಂದು ನಮ್ಮ ಸಿಸ್ಟರ್ ಎಳೆದು ಹೇಳುತ್ತಿದ್ದ ಹಾಗೆಯೇ. ಬೆನ್ನಿನ ಒಂದು ಕಡೆ ಹುರುಪೆ ಉದುರಿದ್ದ ಒಂದು ಮೀನು ಯಾವಾಗಲೂ ಎಲ್ಲರಿಗಿಂತ ಹಿಂದೆ ಬರುತ್ತಿತ್ತು. ಅದಕ್ಕೆ ಪ್ರತಿದಿನ ಸ್ವಲ್ಪ ಬೈಯುತ್ತಿದ್ದೆ. ಅಷ್ಟೇ ನನ್ನ ದಿನದ ಮಾತು.

ಒಂದು ಚಳಿಗಾಲ ಯಾರೋ ಈ ಮೀನುಗಳ ವಿಡಿಯೋ ಮಾಡಿ ಫೋನಿನಲ್ಲಿ ಹಾಕಿದರು. ಮುಂದಿನ ಭಾನುವಾರದಿಂದಲೇ ರಸ್ತೆಯ ಬದಿಯಲ್ಲಿ ಕಾರು. ಮೊದಮೊದಲು ನನಗೆ ಖುಷಿಯೇ. ಬೇರೆ ಬೇರೆ ಸೀರೆ, ಬೇರೆ ಬೇರೆ ನಗು, ‘ಅಕ್ಕ, ಒಂದು ಗ್ಲಾಸು ನೀರು ಸಿಗಬಹುದಾ’ ಎಂದು ಹಿತ್ತಿಲಿಗೆ ಬರುವವರು. ಬಂದವರು ಮಂಡಕ್ಕಿ ತಂದರು, ಆಮೇಲೆ ಬ್ರೆಡ್ಡು, ಬಿಸ್ಕಿಟು. ಖಾರದ ತಿಂಡಿಯ ಹಳದಿ ಪುಡಿ ನೀರಿನ ಮೇಲೆ ಪದರವಾಗಿ ನಿಂತಿರುತ್ತಿತ್ತು. ಕಲ್ಲಿನ ಸಂದಿಯಲ್ಲಿ ಶ್ಯಾಂಪೂವಿನ ಸಣ್ಣ ಸಣ್ಣ ಪೊಟ್ಟಣ. ಬಂಡೆಯ ಮೇಲಿನಿಂದ ಗುಂಡಿಗೆ ಹಾರುವವರೂ ಶುರುವಾದರು. ಒಂದು ಸೋಮವಾರ ಬೆಳಿಗ್ಗೆ ಕೆಲವು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದವುಗಳ ಮೈಮೇಲೆ ಹತ್ತಿಯಂಥ ಬಿಳಿ ಕಲೆ.

ಕಟ್ಟೆಯ ಎದುರು ಊರಿನವರು ಸೇರಿದರು. ಮೀನುಗಾರಿಕೆ ಓದಿದ ಒಬ್ಬ ಹುಡುಗಿಯನ್ನೂ ಕರೆಸಿದ್ದರು. ಪಂಚಾಯತ್ ಸದಸ್ಯರಿಗೆ ಅವಸರ. “ಗೇಟು ಇಟ್ಟು ಬೀಗ ಹಾಕುವ. ಮುಗೀತಲ್ಲ?”

ದೈವದ ಕೆಲಸ ನೋಡಿಕೊಳ್ಳುವ ಹಿರಿಯರು ತಲೆ ಅಲ್ಲಾಡಿಸಿದರು. “ದೈವದ ಹತ್ರ ಬರುವವರಿಗೆ ಬೀಗ ಹಾಕ್ಲಿಕ್ಕೆ ನಾವು ಯಾರು ಮಾರಾಯ್ರೆ? ಬರ್ಲಿ. ಬಂದ ಹಾಗೆ ಹೋಗ್ಲಿ.”

ಹುಡುಗಿ ಹೇಳಿದಳು, “ಬರ್ಲಿ, ನೋಡ್ಲಿ. ನೀರಿಗೆ ಇಳಿಯುವವರು ಕೆಳಗೆ ಹೊಯಿಗೆಯ ಬದಿಗೆ ಹೋಗ್ಲಿ, ಅಲ್ಲಿ ಬರೀ ಮರಳು, ನೀರು ಮೊಣಕಾಲಿನಷ್ಟೇ ಉಂಟು. ಗುಂಡಿಗೆ ಮಾತ್ರ ಯಾರೂ ಇಳಿಯುದು ಬೇಡ. ಮೀನಿಗೆ ಯಾರೂ ಎಂತದ್ದೂ ಹಾಕುದು ಬೇಡ.”

“ಮೀನಿಗೆ ಹಾಕುವ ಹರಕೆಯ ಅಕ್ಕಿ?” ಎಂದು ಯಾರೋ ಕೇಳಿದರು. ಎಲ್ಲರೂ ಹಿರಿಯರ ಮುಖ ನೋಡಿದರು. ಅವರು ಎಲೆಯಡಿಕೆಯನ್ನು ದವಡೆಯ ಆಚೆಗೆ ದೂಡಿದರು. “ಕಟ್ಟೆಯಲ್ಲಿ ಒಪ್ಪಿಸ್ಲಿ. ಕೋಲದ ದಿನ ಊಟಕ್ಕೆ ಆಯ್ತು. ದೈವಕ್ಕೆ ಕೊಟ್ಟದ್ದು ದೈವದ ಮೀನಿಗೆ ಮುಟ್ಟದೆ ಇರುದಾ?”

ಇದನ್ನೆಲ್ಲ ಬಂದವರಿಗೆ ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಆಲೆಟ್ಟಿಯಿಂದ ಮದುವೆಯಾಗಿ ಬಂದ ನಮ್ಮ ಆಚೆಮನೆಯಾಕೆ ನನ್ನ ಕಡೆಗೆ ಕೈ ತೋರಿಸಿದಳು. “ಅಕ್ಕ ಇದ್ದಾರಲ್ಲ! ಅವ್ರು ಹೇಗೂ ಮನೆಯಲ್ಲೇ ಇರುದಲ್ವಾ?”

“ಅವರ ಸ್ವರ ಪಕ್ಕದಲ್ಲಿ ಕೂತವರಿಗೇ ಕೇಳುದಿಲ್ಲ,” ಎಂದರು ಸದಸ್ಯರು.

“ಅದು ಒಳ್ಳೆದೇ. ಜಗಳ ಆಗ್ಲಿಕ್ಕಿಲ್ಲ,” ಎಂದಳು ಆಕೆ.

ನಗು ಇಳಿದ ಮೇಲೆ ನಾನು ಕೇಳಿದೆ. “ಅನ್ನದ ಪಾತ್ರೆ ತೊಳೆದ ನೀರು ಹಾಕಬಹುದಲ್ವಾ?”

“ಅದೆಂತ ಗೋಬಿ ಮಂಚೂರಿಯಾ ಅಕ್ಕ?” ಎಂದಳು ಆಚೆಮನೆಯಾಕೆ. ಮತ್ತೆ ನಗು. ಹುಡುಗಿ ಮಾತ್ರ ನಗಲಿಲ್ಲ. ಎಲ್ಲರೂ ಎದ್ದು ಹೊರಟ ಮೇಲೆ ನನ್ನ ಜೊತೆ ಮೆಟ್ಟಿಲವರೆಗೆ ಬಂದಳು.

“ಆ ನೀರಲ್ಲಿ ಅನ್ನ ಎಷ್ಟಿರ್ತದೆ ಆಂಟಿ?”

“ಒಂದು ಹಿಡಿ.”

ಅವಳು ಕುಳಿತು ನೀರನ್ನೇ ನೋಡಿದಳು. ನನ್ನ ಹೆಜ್ಜೆಯ ಸದ್ದಿಗೆ ಬೆನ್ನುಗಳು ಆಗಲೇ ಏಳುತ್ತಿದ್ದವು. “ನಿಮ್ಮ ಸದ್ದಿಗೆ ಬರುದು ಕಲಿತ ಮೀನು ಬೇರೆಯವರ ಸದ್ದಿಗೂ ಬರ್ತದೆ. ರಾತ್ರಿ ನೀರಿಗೆ ತೋಟೆ ಹಾಕಿ ಸಿಡಿಸಿ ಮೀನು ಹಿಡೀಲಿಕ್ಕೆ ಬಂದವನ ಸದ್ದಿಗೂ. ಬೇಜಾರು ಮಾಡ್ಬೇಡಿ ಆಂಟಿ, ಅವು ನಿಮ್ಮನ್ನು ಮರೀಬೇಕು.”

ಇಷ್ಟು ಸಣ್ಣ ಹುಡುಗಿ ಇಷ್ಟು ಮೆತ್ತಗೆ ಹೇಳಿದ್ದಕ್ಕೆ ನಾನು ಒಪ್ಪಿಕೊಂಡೆ. ಬರುತ್ತಾ ಇರಿ ಎಂದೆ. ಅವಳು ನಂಬರು ಕೊಟ್ಟು ಹೋದಳು.

ಮರುದಿನ ಪಾತ್ರೆಯನ್ನು ಅಂಗಳದ ನಳ್ಳಿಯಲ್ಲಿ ತೊಳೆದೆ. ಅಕ್ಕಿಯನ್ನೂ ಸ್ವಲ್ಪ ಕಡಿಮೆ ಹಾಕಲು ಶುರುಮಾಡಿದೆ. ಊಟ ಮುಗಿದ ಮೇಲೆ ದೀಪ ಹಚ್ಚುವವರೆಗಿನ ಹೊತ್ತು ಅಷ್ಟು ಉದ್ದ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದೆ.

ಭಾನುವಾರ ಮಾತ್ರ ಕೆಲಸವಿತ್ತು. ಕಾರಿನಿಂದ ಇಳಿದವರಿಗೆ ಚಪ್ಪಲಿ ಇಲ್ಲಿ, ನೀರಿಗೆ ಇಳಿಯುವವರು ಹೊಯಿಗೆಯ ಬದಿಗೆ ಎಂದು ಹೇಳುತ್ತಿದ್ದೆ. ಹೆಚ್ಚಿನವರು ಕೇಳುತ್ತಿದ್ದರು. ಒಂದು ಸಲ ಕಾಲೇಜು ಮುಗಿಸಿದ ವಯಸ್ಸಿನ ಗೆಳೆಯರ ಗುಂಪು ಬಿಸ್ಕಿಟ್ ಪೊಟ್ಟಣ ಹಿಡಿದು ಕೆಳಗಿನ ಮೆಟ್ಟಿಲಿಗೆ ಹೋಗಿಬಿಟ್ಟಿತು. ಮೇಲಿನಿಂದ ಕರೆದರೆ ನನ್ನ ಸ್ವರ ಅಲ್ಲಿಗೆ ಮುಟ್ಟಲಿಲ್ಲ. ಇಳಿದೆ. ಅವರ ಬಿಸ್ಕಿಟಿನ ತುಂಡು ನೀರಿನಲ್ಲಿ ಹಾಗೆಯೇ ತೇಲುತ್ತಿರುವಾಗ ಗುಂಡಿಯ ಮೀನೆಲ್ಲ ತಿರುಗಿ ನನ್ನ ಕಾಲಿನ ಹತ್ತಿರ ಬಂದು ಬಾಯಿ ತೆರೆದವು.

“ಇದೆಂತ ಆಂಟಿ, ಇವು ನಿಮ್ಮ ಪಾರ್ಟಿಯಾ?” ಎಂದ ಪೊಟ್ಟಣ ಹಿಡಿದವನು. ಉಳಿದವರು ಬಿದ್ದು ಬಿದ್ದು ನಕ್ಕರು. “ದಿನಾ ನೀವು ಹಾಕುದು, ನಮ್ಗೆ ಮಾತ್ರ ರೂಲ್ಸಾ?”

“ಹಾಕ್ತಿದ್ದೆ. ಈಗ ಹಾಕುದಿಲ್ಲ.”

“ಮತ್ತೆ ಬರುದು ಎಂತಕ್ಕೆ ಇವು?”

“ಅವಕ್ಕೆ ಇನ್ನೂ ಗೊತ್ತಾಗ್ಲಿಲ್ಲ.”

ಅವನು ನನ್ನ ಮುಖ ನೋಡಿದ. ಪೊಟ್ಟಣ ಮಡಚಿ ಕಿಸೆಗೆ ಹಾಕಿಕೊಂಡ. “ಸಾರಿ ಆಂಟಿ,” ಎಂದ. ಅವರು ಹೋದ ಮೇಲೂ ಮೀನುಗಳು ಅಲ್ಲಿಯೇ ಇದ್ದವು. ನಾನು ಬರಿಗೈಯಲ್ಲಿ ನಿಂತಿದ್ದೆ. ಹುರುಪೆ ಉದುರಿದ್ದು ಎಂದಿನಂತೆ ಹಿಂದಿನಿಂದ ಬಂದು, ಉಳಿದವುಗಳ ನಡುವೆ ತಲೆ ತೂರಿಸಿತು.

ಹುಡುಗಿಗೆ ಫೋನು ಮಾಡಿದೆ. “ನೆರಳು ಕೂಡ ನೀರಿಗೆ ಬೀಳದ ಹಾಗೆ ಮೇಲೆಯೇ ಕೂತ್ಕೊಳ್ಳಿ ಆಂಟಿ,” ಎಂದಳು. ಆಮೇಲೆ ನಾನು ಇಳಿಯಲಿಲ್ಲ. ಸ್ವರ ಮುಟ್ಟುವುದಿಲ್ಲವೆಂದು, ಬಂದವರನ್ನು ಮೇಲಿನ ಮೆಟ್ಟಿಲಲ್ಲೇ ನಿಲ್ಲಿಸಿ ಮಾತಾಡಿಸಲು ಕಲಿತೆ. ಬೇಸಗೆ ಕಳೆಯಿತು. ಮಳೆಗಾಲದಲ್ಲಿ ಕೆಂಪು ನೀರು ಮೆಟ್ಟಿಲನ್ನೆಲ್ಲ ಮುಚ್ಚಿ ಹಿತ್ತಿಲ ಬೇಲಿಯವರೆಗೂ ಬಂತು. ಆ ತಿಂಗಳುಗಳಲ್ಲಿ ಯಾರೂ ಬರುವುದಿಲ್ಲ. ಆ ರಭಸದಲ್ಲಿ ಅವು ಎಲ್ಲಿ ನಿಂತಿರುತ್ತವೋ ಎಂದು ಒಮ್ಮೆ ಇವರ ಹತ್ತಿರ ಕೇಳಿದೆ. “ಮೀನಲ್ವಾ, ನೀರಲ್ಲೇ ಇರ್ತದೆ,” ಎಂದರು.

ದೀಪಾವಳಿ ಕಳೆದು ನೀರು ತಿಳಿಯಾಯಿತು. ಒಂದು ಭಾನುವಾರ ನನ್ನ ವಯಸ್ಸಿನ ಒಬ್ಬ ಹೆಂಗಸು ತಂಗಿಯೊಂದಿಗೆ ಬಂದರು. ಅವರಿಗೆ ಹೇಳಬೇಕಾದ್ದು ಹೇಳಿದೆ. ಅವರು ಮೇಲೆ ಕುಳಿತರು. ಆ ದಿನ ಯಾಕೋ ತಡೆಯಲಾಗಲಿಲ್ಲ, ನಾನು ಒಂದೊಂದೇ ಮೆಟ್ಟಿಲು ಇಳಿದೆ. ನೀರಿಗೆ ತಾಗುವ ಮೆಟ್ಟಿಲಿನಲ್ಲಿ ನಿಂತಾಗ ಗುಂಡಿಯ ನಡುವೆ ಬೆನ್ನುಗಳು ಕಂಡವು, ಮೈಮೇಲೆ ಬಿಳಿ ಕಲೆ ಇಲ್ಲ. ನನ್ನ ನೆರಳು ಮುಂದಕ್ಕೆ ಬಿತ್ತು. ಎಲ್ಲವೂ ಒಂದೇ ಸಲ ತಿರುಗಿ ಆಚೆಯ ಬಂಡೆಯ ಬುಡಕ್ಕೆ ಇಳಿದುಬಿಟ್ಟವು.

“ಎಲ್ಲಿ ಅಕ್ಕ ಮೀನು?” ಎಂದು ಮೇಲಿನಿಂದ ಆ ಹೆಂಗಸು ಕೇಳಿದರು. “ವಿಡಿಯೋದಲ್ಲಿ ಕಾಲ ಹತ್ರವೇ ಬರ್ತಿತ್ತು.”

“ಈಗ ಬರುದಿಲ್ಲ.”

“ಎಂತ, ಹೋದವಾ?”

“ಇಲ್ಲ, ಉಂಟು. ಆ ಬಂಡೆಯ ಬುಡದಲ್ಲಿ ಕಪ್ಪು ಕಾಣ್ತದಲ್ಲ, ಅದೆಲ್ಲ ಅವೇ.”

ಅವರು ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ತುಂಬಾ ದೂರ ಆಯ್ತಲ್ಲ ಮಾರಾಯ್ರೆ.”

“ಹೌದು, ದೂರವೇ,” ಎಂದೆ. ಕಣ್ಣು ತುಂಬಿದ್ದು ಅವರಿಗೆ ಕಾಣಬಾರದೆಂದು ಇನ್ನೂ ಸ್ವಲ್ಪ ಹೊತ್ತು ನೀರಿನ ಕಡೆಗೇ ಮುಖ ಮಾಡಿ ನಿಂತೆ.