ಉಪ್ಪಿನ ಕುಡಿಕೆಯ ಶಾಖ

ಐರೋಲಿಯಲ್ಲಿ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಮೊದಲು ಜೆರಾಕ್ಸ್ ಅಂಗಡಿ ಇದ್ದ ಜಾಗಕ್ಕೆ ಹೋದ ತಿಂಗಳು ಒಂದು ಥಾಯ್ ಮಸಾಜ್ ಪಾರ್ಲರ್ ಬಂತು. ಅಂದಿನಿಂದ ಮಧ್ಯಾಹ್ನವಾದರೆ ಸಾಕು, ನಮ್ಮ ಅಡುಗೆಮನೆಯ ಕಿಟಕಿಯಿಂದ ಒಂದು ವಾಸನೆ ಮೇಲೇರಿ ಬರುತ್ತದೆ. ಅರಿಶಿನದ ಕೊಂಬು, ಕರ್ಪೂರ, ಮಜ್ಜಿಗೆ ಹುಲ್ಲು, ಒರಟು ಸಿಪ್ಪೆಯ ಒಂದು ಜಾತಿಯ ನಿಂಬೆ, ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಹಬೆಯಲ್ಲಿ ಬೇಯಿಸುವ ವಾಸನೆ. ಎದುರು ಮನೆಯಾಕೆಗೆ ಅದರಿಂದ ತಲೆನೋವು. "ಕಾಯ್ ವಾಸ್ ಯೇತೋಯ್ ಹೋ!" ಎಂದು ಮೂಗು ಮುಚ್ಚಿಕೊಂಡೇ ಲಿಫ್ಟಿನಲ್ಲಿ ನನ್ನ ಕೈ ಹಿಡಿದುಕೊಂಡರು. ಸೊಸೈಟಿ ಮೀಟಿಂಗಿನಲ್ಲಿ ನಾನೂ ದನಿಗೂಡಿಸಬೇಕಂತೆ. ಮನೆಗೆ ಬಂದು, ಸಾರು ಕುದಿಯುತ್ತಿದ್ದ ಒಲೆಯನ್ನು ಆರಿಸಿ, ಕಿಟಕಿ ಪೂರ್ತಿ ತೆರೆದು ನಿಂತೆ.

ಮರುದಿನ ತಡೆಯಲಾರದೆ ಕೆಳಗಿಳಿದೆ. ಕೌಂಟರಿನಲ್ಲಿ ಕೂತಿದ್ದ ಚಪ್ಪಟೆ ಮೂಗಿನ ಚೆಂದದ ಹುಡುಗಿಗೆ ಕೈಮುಗಿದು "ಸವಾದೀ ಖಾ" ಎಂದೆ. ನನಗೆ ಉಳಿದಿರುವ ಥಾಯ್ ಭಾಷೆಯನ್ನೆಲ್ಲ ಅವಳ ಮುಂದೆ ಸುರಿಯುವ ಹುಮ್ಮಸ್ಸಿನಲ್ಲಿದ್ದೆ. ಅವಳು ನಕ್ಕು, "ದೀದಿ, ಹಮ್ ತೋ ಮಿಜೋರಾಮ್ ಸೇ ಹೈಂ" ಎಂದಳು. ಪೆಚ್ಚುಮೋರೆ ಹಾಕಿಕೊಂಡು ಮೇಲೆ ಬಂದೆ. ಬೋರ್ಡು ಸುಳ್ಳಾಗಿದ್ದರೂ ವಾಸನೆ ಮಾತ್ರ ಅಸಲಿಯಾಗಿತ್ತು...

ಆ ವಾಸನೆ ನನಗೆ ಒಬ್ಬರದು. ಬ್ಯಾಂಕಾಕಿನಲ್ಲಿ ನಾವಿದ್ದ ಮನೆಯ ಒಡತಿಯದು. ಅಲ್ಲಿ ತಾಯಿಗಿಂತ ಹಿರಿಯ ಹೆಂಗಸನ್ನು ಯಾರೇ ಆಗಲಿ 'ಪಾ' ಎಂದು ಕರೆಯುತ್ತಾರೆ, ನಮ್ಮಲ್ಲಿ ದೊಡ್ಡಮ್ಮ ಎಂದ ಹಾಗೆ. ನಾನೂ ಹಾಗೆಯೇ ಕರೆಯುತ್ತಿದ್ದೆ.

ಮದುವೆಯಾದ ಹೊಸತರಲ್ಲಿ ನನ್ನವರ ಕಂಪನಿ ನಮ್ಮನ್ನು ಆ ಊರಿಗೆ ಕಳಿಸಿತ್ತು. ನಾನು ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಬೆಳಗಿನ ಫಾಸ್ಟ್ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಲು ಕಿತ್ತಾಡಿ ಗೆದ್ದವಳು. ಇನ್ನು ಯಾವ ಊರೂ ನನ್ನನ್ನು ಹೆದರಿಸಲಾರದು ಎಂಬ ಜಂಬವಿತ್ತು. ಜಂಬ ಇಳಿಯುವುದಕ್ಕೆ ಹೆಚ್ಚು ದಿನ ಬೇಕಾಗಲಿಲ್ಲ. ಅಲ್ಲಿ ಯಾರೂ ಜಗಳವಾಡುವುದೇ ಇಲ್ಲ! ನಲ್ಲಿ ರಿಪೇರಿಯವನು ನಾಳೆ ಬರುತ್ತೇನೆ ಎಂದು ನಗುತ್ತಾನೆ, ವಾರವಾದರೂ ಬರುವುದಿಲ್ಲ, ಬಂದ ಮೇಲೆ ಬೈಯಲು ಹೋದರೆ ಮತ್ತೆ ನಗುತ್ತಾನೆ. ಮೀನು ಬೇಡ ಎಂದು ಬೇಡಿಕೊಂಡು ಹೇಳಿದರೆ ಗಾಡಿಯಾಕೆ ತಲೆಯಾಡಿಸಿ, ಸೊಪ್ಪಿನ ಮೇಲೆ ಮೀನಿನ ರಸ ಹೊಯ್ಯುತ್ತಾಳೆ. ಮೀನೆಲ್ಲಿದೆ ತೋರಿಸು ಎನ್ನುತ್ತಾಳೆ. ಮೂರು ತಿಂಗಳಿಗೊಮ್ಮೆ ಇಮಿಗ್ರೇಶನ್ ಆಫೀಸಿಗೆ ಹೋಗಿ, ನಾವು ಇನ್ನೂ ಅದೇ ಮನೆಯಲ್ಲಿದ್ದೇವೆ ಎಂದು ಹೇಳಿ ಬರಬೇಕು. ದಿನವಿಡೀ ಕೂತು ಸರದಿ ಬಂದಾಗ ಒಂದು ಜೆರಾಕ್ಸ್ ಕಮ್ಮಿ ಎಂದು ನಗುನಗುತ್ತಲೇ ವಾಪಸು ಕಳಿಸುತ್ತಾರೆ. ಬಾಯಿ ಬಿಟ್ಟು ಬೈಯುವ ಹಾಗಿಲ್ಲ, ದನಿ ಏರಿಸಿದರೆ ಮರ್ಯಾದೆ ಹೋಗುವುದು ನಮ್ಮದೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ?

ಆ ಇಡೀ ಊರಿನಲ್ಲಿ ನನ್ನೊಡನೆ ಗಂಟಲೆತ್ತಿ ಜಗಳವಾಡುತ್ತಿದ್ದವರೆಂದರೆ ಪಾ ಒಬ್ಬರೇ.

ಹಳೆಯ ಮರದ ಮನೆ. ಕೆಳಗೆ ಅವರು, ಮೇಲೆ ನಾವು. ಒಂಟಿ ಹೆಂಗಸು, ಕುಳ್ಳಗೆ, ಗುಂಡಗೆ, ಕತ್ತರಿಸಿದ ಬಿಳಿ ಕೂದಲು. ನಾನು ಒಗ್ಗರಣೆಗೆ ಒಣಮೆಣಸು ಹಾಕಿದ ಕೂಡಲೇ ಕೆಳಗಿನಿಂದ ಕೆಮ್ಮು ಶುರುವಾಗುತ್ತಿತ್ತು. ಕೆಮ್ಮಿನ ಹಿಂದೆ ಬೈಗುಳ. ಇಂಗಿನ ಡಬ್ಬಿ ತೆಗೆದರಂತೂ ಮನೆಯೊಳಗೆ ಏನೋ ಸತ್ತಿದೆ ಎಂದು ಪೊರಕೆ ಹಿಡಿದು ಹುಡುಕುತ್ತಿದ್ದರು. ಅವರು ಅಂಗಳದಲ್ಲಿ ಸಿಗಡಿ ಚಟ್ನಿ ಕುಟ್ಟಲು ಕೂತರೆ ನಾನು ಕಿಟಕಿಗಳನ್ನು ಸದ್ದು ಮಾಡಿ ಮುಚ್ಚುತ್ತಿದ್ದೆ. ಮೆಟ್ಟಿಲ ಬಳಿ ನನ್ನ ಚಪ್ಪಲಿ ಸೊಟ್ಟಗಿದ್ದರೆ ಅದಕ್ಕೊಂದು ಪಾಠ, ಒಗೆದ ಪೆಟಿಕೋಟು ಅವರ ತಲೆ ಹಾಯುವ ಕಡೆ ಒಣಗಿಸಿದ್ದಕ್ಕೆ ಎರಡು ದಿನ ಮೌನ. ನಮ್ಮದು ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಈಗ ಅನಿಸುತ್ತದೆ, ಆ ಜಗಳಗಳು ಇಲ್ಲದಿದ್ದರೆ ನಾನು ಆ ನಗುವಿನ ಊರಿನಲ್ಲಿ ಹುಚ್ಚಿಯಾಗುತ್ತಿದ್ದೆ.

ಅಷ್ಟರಲ್ಲಿ ನಾನು ಬಸುರಿಯಾದೆ. ಬಾಣಂತನಕ್ಕೆ ಡೊಂಬಿವಲಿಯಿಂದ ಅಮ್ಮ ಬರುವುದೆಂದು ನಿಶ್ಚಯವಾಗಿತ್ತು. ಅಮ್ಮನ ವೀಸಾಕ್ಕೆ ನಾವು ಅಲೆದ ಅಲೆದಾಟವನ್ನು ಹೇಳುತ್ತಾ ಕೂತರೆ ಅದೇ ಒಂದು ಪುರಾಣ. ಅಂತೂ ವೀಸಾ ಬಂತು, ಟಿಕೆಟ್ಟೂ ಆಯಿತು. ಅಮ್ಮ ಬಾಣಂತಿ ಲೇಹ್ಯ ಕುದಿಸಿ ಡಬ್ಬಿಗೆ ತುಂಬಿಸಿಟ್ಟಿದ್ದರು. ಹೊರಡುವ ಹೊತ್ತಿಗೆ ಸರಿಯಾಗಿ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆ ಸೇರಿದರು. ಅಪ್ಪನನ್ನು ಬಿಟ್ಟು ಅಮ್ಮ ಬರುವ ಹಾಗಿರಲಿಲ್ಲ. ಅತ್ತೆ ಮೊದಲೇ ತೀರಿಹೋಗಿದ್ದರು. ನನ್ನವರ ಕಾರ್ಖಾನೆ ಊರಿನಿಂದ ಬಹಳ ದೂರ, ಶನಿವಾರ ಬಂದರೆ ಸೋಮವಾರ ಹೊರಟರು. ತೊಟ್ಟಿಲ ಕೂಸನ್ನು ಎತ್ತಿಕೊಳ್ಳುವುದೂ ಗೊತ್ತಿಲ್ಲದ ನಾನು, ಭಾಷೆ ಬಾರದ ಊರಿನಲ್ಲಿ ಒಬ್ಬಳೇ ಹೇಗೆ ಸಂಭಾಳಿಸಲಿ? ಹೆರಿಗೆಯ ನೋವಿಗಿಂತ ಆ ಹೆದರಿಕೆಯೇ ನನ್ನನ್ನು ಹೆಚ್ಚು ಹಿಂಡಿತು.

ಹೆಣ್ಣು ಮಗು. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಬಂದಿಳಿದಾಗ ಪಾ ಗೇಟಿನಲ್ಲೇ ನಿಂತಿದ್ದರು. ಬಟ್ಟೆ ಸರಿಸಿ ಮಗುವಿನ ಮುಖ ನೋಡಿದರು. ಮುಖ ಕಿವುಚಿ, ಓಣಿಗೆಲ್ಲ ಕೇಳುವ ಹಾಗೆ ಅಂದರು.

"ನಾ ಕ್ಲಿಯತ್! ನಾ ಕ್ಲಿಯತ್ ನಾ ಚಂಗ್!"

ಕುರೂಪಿ. ನೋಡಿದರೆ ಹೇಸಿಗೆ ಬರುವಂಥ ಕುರೂಪಿ. ಅಷ್ಟು ಥಾಯ್ ಭಾಷೆ ಆಗ ನನಗೆ ತಿಳಿಯುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಆದರೆ ನನ್ನ ಮಗು ಹೆಗ್ಗಣವಾಗಿರಲಿಲ್ಲ! ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಂಡವಳು ಸಂಜೆಯವರೆಗೂ ಅತ್ತೆ. ಅಮ್ಮನಿಗೆ ಫೋನು ಮಾಡಿ ಬಿಕ್ಕಿದೆ. ಈ ಮುದುಕಿಯ ಮನೆಯಲ್ಲಿ ಇನ್ನೊಂದು ದಿನ ಇರಲಾರೆ ಎಂದೆ. ಅಮ್ಮ ಕೇಳಿ ಕೇಳಿ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತೇ ನಗಲು ಶುರು ಮಾಡಿದರು.

"ಎಂತ ಮಾರಾಯ್ತಿ, ಅಷ್ಟೂ ಗೊತ್ತಾಗ್ಲಿಲ್ವಾ ನಿಂಗೆ? ನೀನು ಹುಟ್ಟಿದಾಗ ನಿನ್ನ ಅಜ್ಜಿ ನಿನ್ನನ್ನು ಕಪ್ಪೆಮರಿ ಅಂತ ಕರೀತಿದ್ದದ್ದು ಎಂತಕ್ಕೆ? ಚಂದ ಅಂತ ಹೇಳಿದ್ರೆ ದೃಷ್ಟಿ ಆಗ್ತದೆ ಅಂತ. ಆ ಹೆಂಗಸು ನಿನ್ನ ಮಗುವಿನ ದೃಷ್ಟಿ ತೆಗ್ದದ್ದು!"

ಮಗುವಿನ ಕೆನ್ನೆಯ ಮೇಲೆ ನಾನೇ ಇಟ್ಟ ಕಾಡಿಗೆಯ ಬೊಟ್ಟು ಆಗಿನ್ನೂ ಒಣಗಿರಲಿಲ್ಲ. ನಮ್ಮಮ್ಮ ಜೀವಮಾನದಲ್ಲಿ ಡೊಂಬಿವಲಿ ಬಿಟ್ಟರೆ ಉಡುಪಿ, ಉಡುಪಿ ಬಿಟ್ಟರೆ ಡೊಂಬಿವಲಿ ಕಂಡವರು. ಅವರಿಗೆ ಅಲ್ಲಿಂದಲೇ ಅರ್ಥವಾದದ್ದು ಪಕ್ಕದಲ್ಲಿದ್ದ ನನಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೊಗೆ ಕಂಡು ಗಾಬರಿಯಾಗಿ ಎದ್ದೆ. ಪಾ ಇದ್ದಿಲ ಒಲೆ ಹೊತ್ತು ಬಂದಿದ್ದರು. ಒಲೆಯ ಮೇಲೆ ಒಂದು ಸಣ್ಣ ಮಣ್ಣಿನ ಕುಡಿಕೆ, ಕುಡಿಕೆಯ ತುಂಬ ಕಲ್ಲುಪ್ಪು. ಉಪ್ಪು ಚಟಪಟ ಸಿಡಿಯತೊಡಗಿದಾಗ ಕುಡಿಕೆಯನ್ನು ಎಲೆ, ಬೇರುಗಳ ಮೇಲಿಟ್ಟು ಬಟ್ಟೆಯಲ್ಲಿ ಸುತ್ತಿದರು. ನನ್ನನ್ನು ಮಲಗಿಸಿ, ಹೊಟ್ಟೆ, ಸೊಂಟ, ತೊಡೆಗೆ ಒತ್ತತೊಡಗಿದರು. ನಾನು ಹಾ, ಹೂ ಎಂದರೆ ಸುಮ್ಮನಿರು ಎಂದು ಗದರಿದರು. ಅರಿಶಿನ, ಕರ್ಪೂರ, ಮಜ್ಜಿಗೆ ಹುಲ್ಲು, ಆ ನಿಂಬೆ... ಒಡೆದು ಚೂರಾಗಿದ್ದ ಮೈ ಆ ಶಾಖಕ್ಕೆ ನಿಧಾನವಾಗಿ ಮತ್ತೆ ಕೂಡಿಕೊಂಡಿತು. ಆಮೇಲೆ ಸೊಪ್ಪು ಕುದಿಸಿದ ಬಿಸಿನೀರಿನಲ್ಲಿ ಸ್ನಾನ. ನಮ್ಮ ಕಡೆಯ ಬಚ್ಚಲುಮನೆಯ ಹಂಡೆಯೊಂದು ಇರಲಿಲ್ಲ, ಅಷ್ಟೇ. ಅಂದಿನಿಂದ ಅವರು ಒಂದು ದಿನವೂ ತಪ್ಪಿಸಲಿಲ್ಲ. ಬನ್ನಿ ಎಂದು ನಾನು ಕರೆದೂ ಇರಲಿಲ್ಲ.

ಹಾಲು ಚೆನ್ನಾಗಿ ಬರಲೆಂದು ಬಾಳೆಹೂವಿನ ಪೂಂಬೆ ಹಾಕಿ ಕಾಳುಮೆಣಸಿನ ಸಾರು ಮಾಡಿ ತಂದರು. ನಾನು ಬಟ್ಟಲನ್ನು ಅನುಮಾನದಿಂದ ಮೂಸಿ ನೋಡಿದೆ. ಪಾ ಸೊಂಟಕ್ಕೆ ಕೈಯಿಟ್ಟು ಬೈದರು. "ಸಿಗಡಿ ಇಲ್ಲ, ಮೀನಿಲ್ಲ, ಮೀನಿನ ರಸ ಇಲ್ಲ. ನಿನಗಾಗಿ ಹೊಸ ಪಾತ್ರೆ ತಂದಿದ್ದೇನೆ. ರುಚಿಯೂ ಇಲ್ಲ. ಕುಡಿ!" ರುಚಿ ಇತ್ತು. ಅದನ್ನು ಕುಡಿಯುತ್ತಾ ನಾನು ಅತ್ತೆ. ಖಾರಕ್ಕೆ ಎಂದು ಅವರು ತಿಳಿದಿರಬೇಕು.

ಅಪ್ಪ ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಅಮ್ಮ ನನ್ನ ತಮ್ಮನ ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಮಾಡಿದರು. ಆಗಿನ ಇಂಟರ್ನೆಟ್ಟು, ಮುಖವೆಲ್ಲ ಚೌಕ ಚೌಕ. ಪಾ ಪರದೆಯ ಮುಂದೆ ಬಂದು ಕೂತರು. ಆಸ್ಪತ್ರೆಯಲ್ಲಿ ನರ್ಸು ನನಗೆ ಐಸ್ ಹಾಕಿದ ನೀರು ಕೊಟ್ಟಳು ಎಂಬ ದೂರನ್ನು ಲೋಟ ಎತ್ತಿ ಹಿಡಿದು, ಗಡಗಡ ನಡುಗಿ ಅಭಿನಯಿಸಿ ತೋರಿಸಿದರು. "ಅಯ್ಯಯ್ಯೋ, ತಣ್ಣೀರು ಕೊಟ್ರಾ!" ಎಂದು ಅಮ್ಮ ಅಲ್ಲಿ ಎದೆ ಬಡಿದುಕೊಂಡರು. ಇವರು ಥಾಯ್‌ನಲ್ಲಿ, ಅವರು ತುಳು ಕನ್ನಡ ಎರಡೂ ಕಲಸಿ, ತಲೆಗೆ ಬಟ್ಟೆ ಕಟ್ಟದ, ಕಾಲಿಗೆ ಸಾಕ್ಸ್ ಹಾಕದ ನನ್ನ ದುರ್ಬುದ್ಧಿಯನ್ನು ಬಹಳ ಹೊತ್ತು ಚರ್ಚಿಸಿದರು. ನಡುವೆ ನಾನೊಬ್ಬಳು ಇದ್ದೇನೆ ಎಂಬುದೇ ಇಬ್ಬರಿಗೂ ಮರೆತುಹೋಗಿತ್ತು.

ಒಂದು ಸಲ, ಒಂದೇ ಸಲ, ಪಾ ತಮ್ಮ ಮಾತು ಹೇಳಿದರು. ಮಗುವಿಗೆ ಎಣ್ಣೆ ತಿಕ್ಕುತ್ತಿದ್ದರು. ತಮಗೂ ಒಂದು ಹುಟ್ಟಿತ್ತು, ಹೆಣ್ಣೇ, ಎಂದರು. ಬೆಳ್ಳಗೆ, ದಟ್ಟ ಕೂದಲು. ನೋಡಿದವರೆಲ್ಲ ಎಷ್ಟು ಚಂದ ಎಂದರು. "ನಾನೂ ಅಂದೆ" ಎಂದರು. ಜ್ವರ ಬಂದು ಮೂರು ತಿಂಗಳಿಗೇ ಹೋಯಿತಂತೆ. ನನ್ನ ಮಗುವಿನ ಕಾಲು ಎಳೆದು ಎಳೆದು ನೀವಿದರು, ಆಮೇಲೆ ಅದರ ಹೊಟ್ಟೆಗೆ ಮೂಗು ಒತ್ತಿ ಉಸಿರೆಳೆದುಕೊಂಡು, ಮೆಲ್ಲಗೆ, ನಾ ಕ್ಲಿಯತ್, ಎಂದರು...

ಮಗಳು ಅವರ ಅಂಗಳದಲ್ಲೇ ನಡೆಯಲು ಕಲಿತಳು. ಅವಳ ಹೆಸರು ಕರೆಯುವ ಗೊಡವೆಗೇ ಪಾ ಹೋಗಲಿಲ್ಲ. ಕುರೂಪಿ ಊಟ ಮಾಡಿತೇ, ಕುರೂಪಿ ಮಲಗಿತೇ, ಅಷ್ಟೇ. ಅವಳೂ ಆ ಕೂಗಿಗೆ ಕೈ ಅಗಲಿಸಿಕೊಂಡು ಓಡುತ್ತಿದ್ದಳು. ನಮ್ಮ ಜಗಳಗಳೇನೂ ನಿಂತಿರಲಿಲ್ಲ. ಇಂಗು ಇಂಗೇ, ಸಿಗಡಿ ಸಿಗಡಿಯೇ.

ಅವಳಿಗೆ ಮೂರು ತುಂಬಿದಾಗ ಕಂಪನಿ ನಮ್ಮನ್ನು ವಾಪಸು ಕರೆಸಿತು. ಹೊರಡುವ ದಿನ ಪಾ ಬಾಗಿಲು ತೆರೆಯಲಿಲ್ಲ. ಕಾಲಿಗೆ ಬೀಳೋಣವೆಂದು ಬಾಗಿಲು ತಟ್ಟಿದೆ. ಒಳಗಿನಿಂದ, ಸಾಮಾನು ಬೇಗ ಇಳಿಸಿ, ಗೇಟು ಹಾಕಿಕೊಂಡು ಹೋಗಿ ಎಂಬ ಉತ್ತರ ಬಂತು. ಟ್ಯಾಕ್ಸಿ ಹೊರಟಿತು. ಆಗ ಕಿಟಕಿಯ ಬಾಗಿಲು ಧಡಕ್ಕನೆ ತೆರೆದುಕೊಂಡಿತು. ಪಾ ಅರ್ಧ ಮೈ ಹೊರಗೆ ಹಾಕಿ, ಓಣಿಯ ದೆವ್ವ ಭೂತಗಳಿಗೆಲ್ಲ ಕೇಳಿಸಬೇಕು ಎಂಬಂತೆ ಕೂಗಿದರು. "ನಾ ಕ್ಲಿಯತ್! ನಾ ಕ್ಲಿಯತ್!" ಟ್ಯಾಕ್ಸಿಯವನು ಹೌಹಾರಿ ಹಿಂತಿರುಗಿ ನೋಡಿದ. ಮಗಳು ನಗುತ್ತಾ ಕೈ ಬೀಸಿದಳು. ನನಗೆ ಹಿಂದೆ ನೋಡಲು ಧೈರ್ಯ ಬರಲಿಲ್ಲ.

ನಮ್ಮ ಹೊಸ ವರ್ಷದ ಬಿಸುವಿಗೂ ಅವರ ಹೊಸ ವರ್ಷಕ್ಕೂ ಒಂದು ದಿನ ಆಚೆ ಈಚೆ. ಪ್ರತಿ ಬಿಸುವಿಗೆ ಡೊಂಬಿವಲಿಯಲ್ಲಿ ಎದ್ದ ಕೂಡಲೇ ದೇವರ ಮುಂದೆ ಜೋಡಿಸಿಟ್ಟ ಹಣ್ಣುಹಂಪಲಿನ ಕಣಿ ನೋಡಿ, ಅಮ್ಮನ ಮನೆಯಿಂದಲೇ ಫೋನು ಮಾಡುತ್ತಿದ್ದೆ. "ಆ ಕುರೂಪಿ ಹೇಗಿದೆ?" ಎಂಬುದೇ ಅವರ ಮೊದಲ ಮಾತು. ಒಂದು ವರ್ಷ ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಆ ನಂಬರೇ ಇಲ್ಲ ಎಂದು ಒಂದು ಮೆಷಿನ್ನಿನ ದನಿ ಬಹಳ ವಿನಯದಿಂದ ಹೇಳಿತು. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದ ನನ್ನವರ ಗೆಳೆಯರು ವಿಚಾರಿಸಿಕೊಂಡು ಬಂದರು. ಮರದ ಮನೆ ಇದ್ದಲ್ಲಿ ಈಗ ಎತ್ತರದ ಕಟ್ಟಡ. ಪಾ ತೀರಿಕೊಂಡಿದ್ದರು. ಅಮ್ಮನಿಗೆ ಹೇಳಿದಾಗ ದೇವರ ಮುಂದೆ ದೀಪ ಹಚ್ಚಿದರು. "ನಾನು ಮಾಡ್ಬೇಕಾದ ಬಾಣಂತನ ಅವಳು ಮಾಡಿದ್ದು. ಅವಳ ಮುಖ ಸಹಾ ಸರಿಯಾಗಿ ನೋಡ್ಲಿಕ್ಕೆ ಆಗ್ಲಿಲ್ಲ ಮಾರಾಯ್ತಿ" ಎಂದರು.

ಮೊನ್ನೆ ಸೊಸೈಟಿ ಮೀಟಿಂಗಿನಲ್ಲಿ ಪಾರ್ಲರಿನ ವಾಸನೆಯ ಮಾತು ಬಂದೇ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಒಂದು ಊರಿನಲ್ಲಿ ವಾಸನೆಗಾಗಿ ಬೈಸಿಕೊಂಡವಳು ನಾನು. ಆ ವಾಸನೆಯಿಂದ ನಮಗೇನೂ ತೊಂದರೆಯಿಲ್ಲ, ಬೇಕಾದರೆ ಅವರ ಪೈಪನ್ನು ನನ್ನ ಕಿಟಕಿಯ ಕಡೆಗೇ ತಿರುಗಿಸಲಿ ಎಂದುಬಿಟ್ಟೆ. ಎದುರು ಮನೆಯಾಕೆ ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಮೀಟಿಂಗ್ ಮುಗಿಸಿ ಮೇಲೆ ಬಂದರೆ ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ಅವಳಿಗೀಗ ಹದಿನಾಲ್ಕು. ಕೆನ್ನೆಯ ತುಂಬ ಮೊಡವೆ. ಶಾಲೆಯಲ್ಲಿ ಯಾರೋ ಏನೋ ಅಂದಿದ್ದಾರೆ. ಕಣ್ಣು ಕೆಂಪಾಗಿತ್ತು.

"ಮಮ್ಮಾ, ಮೈಂ ಕಿತ್ನೀ ಗಂದೀ ದಿಖ್ತೀ ಹೂಂ ನಾ..."

ಇಲ್ಲಮ್ಮ, ನೀನು ಎಷ್ಟು ಚಂದ ಎಂದು ಬಾಯಿಯವರೆಗೆ ಬಂದಿತ್ತು. ಯಾವ ತಾಯಿಯಾದರೂ ಹಾಗೆಯೇ ಹೇಳುತ್ತಾಳೆ. ಅಷ್ಟರಲ್ಲಿ ಅಡುಗೆಮನೆಯಿಂದ ಆ ಕರ್ಪೂರದ, ನಿಂಬೆಯ ಗಾಳಿ ಬಂತು. ಚಂದ ಎಂಬ ಮಾತು ಅಲ್ಲೇ ನಿಂತುಹೋಯಿತು. ಅವಳ ತಲೆಯನ್ನು ಎದೆಗೊತ್ತಿಕೊಂಡು, "ನಾ ಕ್ಲಿಯತ್" ಎಂದೆ. "ನಾ ಕ್ಲಿಯತ್ ನಾ ಚಂಗ್." ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವಳು ಮುಖವೆತ್ತಿ ನೋಡಿದಳು. ಎಲ್ಲೋ ಕೇಳಿದ್ದೇನಲ್ಲ ಎಂಬಂತೆ ಹುಬ್ಬು ಗಂಟಿಕ್ಕಿದಳು.

"ಮತ್ಲಬ್ ಕ್ಯಾ ಇಸ್ಕಾ?" ಎಂದು ಅರ್ಥ ಕೇಳಿದಳು.

"ನಿನ್ನ ಹೆಸರು" ಎಂದೆ. "ನಿನ್ನ ಮೊದಲ ಹೆಸರು. ಇಟ್ಟವರು ಈಗ ಇಲ್ಲ."