ಐಸಿನಲ್ಲಿ ಉಳಿದ ಅವ್ವನ ಚೂರು

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅವ್ವನ ಎದೆಯ ಕ್ಯಾನ್ಸರ್ ಗೆಡ್ಡೆಯನ್ನು ತೆಗೆದ ದಿನ, ಅದರದೊಂದು ಚೂರನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಡಾಕ್ಟರು ಅಪ್ಪನನ್ನು ಕೇಳಿದರು. ಗ್ಲಿಸರಿನ್ ಹಾಕಿ ಡ್ರೈ ಐಸಿನಲ್ಲಿ ಗಟ್ಟಿ ಮಾಡಿಟ್ಟರೆ ಅದು ಸಾಯುವುದಿಲ್ಲವಂತೆ, ಜೀವ ಹಾಗೇ ಇರುತ್ತದಂತೆ. ಡಾಕ್ಟರು ಏನು ಹೇಳಿದರೂ ಹೂಂ ಅನ್ನುವುದು ಅಪ್ಪನ ಪದ್ಧತಿ. ಹೂಂ ಅಂದರು. ಅವರಿಗೂ ಅರ್ಥವಾಗಿರಲಿಲ್ಲ, ಬಿ.ಎಸ್ಸಿ. ಓದುತ್ತಿದ್ದೇನೆಂದು ಬೀಗುತ್ತಿದ್ದ ನನಗೂ ಇಲ್ಲ.

ಮೂರು ತಿಂಗಳಿಗೆ ಅವ್ವ ತೀರಿಕೊಂಡಳು. ಹನ್ನೊಂದನೇ ದಿನ ಒಂಟಿಕೊಪ್ಪಲಿನ ನಮ್ಮ ಮನೆಯ ತಾರಸಿಯ ಮೇಲೆ ಎಡೆ ಇಟ್ಟೆವು. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ. ಗೋಡೆಯ ಮೇಲೆ ಸಾಲಾಗಿ ಕೂತ ಕಾಗೆಗಳು ಅತ್ತಿತ್ತ ನೋಡಿದವೇ ಹೊರತು ಎಡೆಯತ್ತ ಸುಳಿಯಲಿಲ್ಲ. ಹೀಗಾದಾಗ, ಸತ್ತವರಿಗೆ ಉಳಿದುಹೋದ ಆಸೆಯನ್ನು ನೆರವೇರಿಸುತ್ತೇವೆಂದು ಗಟ್ಟಿಯಾಗಿ ಮಾತು ಕೊಡಬೇಕು.

“ನಿನ್ ಮಗಳ್ ಮದ್ವೆ ಈ ವರ್ಸಾನೇ ಮಾಡ್ತೀವಿ ಕಣೇ,” ಎಂದರು ದೊಡ್ಡಮ್ಮ. ನನ್ನನ್ನು ಕೇಳಿದವರು ಯಾರು! ಪುಣ್ಯಕ್ಕೆ ಕಾಗೆಗಳಿಗೂ ಅದು ಒಪ್ಪಿಗೆಯಾಗಲಿಲ್ಲ.

ಬಿಸಿಲೇರಿತು. ಅಪ್ಪ ಇದ್ದಕ್ಕಿದ್ದಂತೆ ಕೈಮುಗಿದು, “ಐಸ್‌ನಲ್ಲಿರೋ ನಿನ್ ಚೂರ್ನ ತಂದು ಸುಡ್ತೀನಿ. ನೆಮ್ದಿಯಾಗಿ ಹೋಗ್ಬುಡು,” ಎಂದರು. ಒಂದು ಕಾಗೆ ಇಳಿದು ಅನ್ನಕ್ಕೆ ಬಾಯಿ ಹಾಕಿತು.

ಮರುದಿನವೇ ಆಸ್ಪತ್ರೆಗೆ ಹೋದೆವು. ಕೊಟ್ಟ ಮಾತು ತಪ್ಪಿದರೆ ಅವ್ವನಿಗೆ ಮುಕ್ತಿಯಿಲ್ಲ ಎಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದರು. ಡಾಕ್ಟರು ಗದರಲಿಲ್ಲ, ನಗಲೂ ಇಲ್ಲ. ಡ್ರೈ ಐಸಿನ ಪೆಟ್ಟಿಗೆಯ ಮುಚ್ಚಳ ತೆಗೆದರು. ಬಿಳಿ ಹೊಗೆ ಎದ್ದಿತು. ಒಳಗೊಂದು ಸಣ್ಣ ಗಾಜಿನ ಕೊಳವೆ ಕಂಡಿತು.

“ಕೊಡ್ತೀನಿ, ನಿಮ್ಮದೇ. ಆದ್ರೆ ಇದಿನ್ನೂ ಬದುಕಿದೆ ಕಣ್ರೀ. ಸರಿಯಾಗಿ ಬೆಚ್ಚಗೆ ಮಾಡಿದ್ರೆ ಮತ್ತೆ ಬೆಳೆಯುತ್ತೆ,” ಎಂದರು.

ಅಪ್ಪ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡರು. “ಬದುಕಿರೋದನ್ನ ಎಂಗ್ ಸುಡ್ಲಿ ಸ್ವಾಮಿ?”

ಅವ್ವನನ್ನು ಕೊಂದದ್ದೇ ಇದು ಎಂದು ಕೂಗಬೇಕೆನಿಸಿತು ನನಗೆ. ಅವ್ವನ ಜೀವ ಇನ್ನೂ ಉಳಿದಿರುವುದು ಇದೊಂದರಲ್ಲೇ ಎಂದೂ ಅದೇ ಗಳಿಗೆಯಲ್ಲಿ ಅನಿಸಿತು. ಅಪ್ಪ ತಾವೇ ಮುಚ್ಚಳ ಹಾಕಿದರು.

ರಸ್ತೆಗೆ ಬಂದ ಮೇಲೆ ಕೇಳಿದೆ: “ನೀವು ಉಳಿಸಿದ್ದು ಅವ್ವನ್ನೋ, ಕಾಯಿಲೇನೋ?”

“ಗೊತ್ತಿಲ್ಲ ಕಣವ್ವ,” ಎಂದರು. ನಾಲ್ಕು ಹೆಜ್ಜೆ ನಡೆದವರು ನಿಂತು, ಆಸ್ಪತ್ರೆಯ ಕಡೆ ತಿರುಗಿದರು. “ಮುಚ್ಳ ಬಿಗಿಯಾಗ್ ಕೂತ್ಕೊಂತಾ? ನೀನ್ ನೋಡ್ದ್ಯಾ?”